ಕಂಕುಳಲ್ಲಿ ಅಡಗುವ ಕಡಿತ: ನುಸಿ, ಉಣ್ಣೆ, ಕಜ್ಜಿಹುಳುಗಳ ಪತ್ತೆ ಮತ್ತು ಚಿಕಿತ್ಸೆ

ಕಬಿನಿ ನಾಲೆಗಳ ಕೆಳಗೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಗದ್ದೆಗಳಲ್ಲಿ ಮುಂಗಾರು ಭತ್ತದ ಕೊಯ್ಲಿಗೆ ಕೈ ಹಾಕುವ ಹೊತ್ತಿಗೆ ಮಳೆ ನಿಂತು ಚಳಿ ಬಿದ್ದಿರುತ್ತದೆ. ಬದುಗಳ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ. ತೆನೆಯ ಆಸೆಗೆ ಇಲಿ, ಹೆಗ್ಗಣಗಳು ಬದುಗಳಲ್ಲಿ ಬಿಲ ತೋಡಿರುತ್ತವೆ. ದಕ್ಷಿಣ ಭಾರತದಲ್ಲಿ ಸ್ಕ್ರಬ್ ಟೈಫಸ್ ಎಂಬ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಂಥ ಕಾಲದಲ್ಲೇ. ಕುಯ್ಲಾಳು, ಕಳೆ ಕೀಳುವ ಹೆಣ್ಣುಮಕ್ಕಳು, ದನ ಮೇಯಿಸುವವರು, ಕಬ್ಬಿನ ಸೋಗೆ ಹೊರುವವರು, ಸೌದೆಗೆ ಪೊದೆ ಹೊಗುವವರು ಈ ಜ್ವರಕ್ಕೆ ಮೊದಲು ಸಿಕ್ಕುತ್ತಾರೆ.

ಈ ಜ್ವರದ ಗುರುತು ಅನೇಕ ವೇಳೆ ರೋಗಿಯ ಕಂಕುಳಲ್ಲೇ ಇರುತ್ತದೆ. ನೋಯದ, ತುರಿಸದ ಒಂದು ಚಿಕ್ಕ ಹುಣ್ಣು ಅದು. ರೋಗಿಗೇ ಅದರ ಅರಿವಿರುವುದಿಲ್ಲ. ತೋಳೆತ್ತಿಸಿ ನೋಡಿದರೆ ರೋಗ ಅರ್ಧ ಪತ್ತೆಯಾದಂತೆ. ನೋಡದೆ ಬಿಟ್ಟರೆ ಹೊಂದದ ಔಷಧಿಯಲ್ಲಿ ವಾರ ಕಳೆದು, ಅಷ್ಟರಲ್ಲಿ ರೋಗಿಯ ಪ್ರಾಣಕ್ಕೇ ಅಪಾಯ ಬರುತ್ತದೆ.

ಕಡಿಯುವುದು ಯಾವುದು?

ತೆಂಗಿನ ಕಾಯಿಯನ್ನು ಕೆಡಿಸುವ ನುಸಿಯನ್ನು ಈ ಭಾಗದ ರೈತರು ಚೆನ್ನಾಗಿ ಬಲ್ಲರು. ಮೊದಲ ಮಳೆ ಬಿದ್ದಾಗ ನೆಲದ ಮೇಲೆ ಹರಿದಾಡುವ ಕೆಂಪು ಮಖಮಲ್ಲಿನಂಥ ಹುಳುವನ್ನೂ ಕಂಡಿರುತ್ತಾರೆ. ಸ್ಕ್ರಬ್ ಟೈಫಸ್ ಹರಡುವ ನುಸಿ ಇವೆರಡರ ದಾಯಾದಿ. ಬೆಳೆದ ನುಸಿ ಮಣ್ಣಿನಲ್ಲೇ ಬದುಕುತ್ತದೆ. ಮನುಷ್ಯನ ತಂಟೆಗೆ ಬರುವುದಿಲ್ಲ. ಪರಾವಲಂಬಿಯಾಗಿ ಬದುಕುವುದು ಅದರ ಮರಿ ಮಾತ್ರ. ಆರು ಕಾಲಿನ ಈ ಮರಿ ಒಂದು ಮಿಲಿಮೀಟರಿನ ಕಾಲು ಭಾಗದಷ್ಟಿದ್ದು, ಬರಿಗಣ್ಣಿಗೆ ಕಾಣುವುದೇ ಕಷ್ಟ. ಹುಲ್ಲಿನ ತುದಿಗೋ ತರಗೆಲೆಯ ಮೇಲಕ್ಕೋ ಹತ್ತಿ ಇಲಿ, ಹೆಗ್ಗಣ, ಸೊಂಡಿಲಿಗಳಿಗಾಗಿ ಕಾಯುತ್ತದೆ. ಆ ದಾರಿಯಲ್ಲಿ ಮನುಷ್ಯ ಕುಳಿತರೆ ಅವನ ಮೈಗೆ ಹತ್ತುತ್ತದೆ.

ಮೈಗೆ ಹತ್ತಿದ ಮರಿ ಕೂಡಲೇ ಕಚ್ಚುವುದಿಲ್ಲ. ತೆಳು ಚರ್ಮ, ಬಿಸಿ, ತೇವ, ಮೇಲೊಂದು ಬಟ್ಟೆಯ ಮರೆ ಇವಿಷ್ಟನ್ನು ಹುಡುಕುತ್ತ ಹರಿದಾಡುತ್ತದೆ. ಬಿಗಿಯಾದ ಬಟ್ಟೆ ಅಡ್ಡ ಬಂದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ರವಿಕೆಯ ತೋಳಿನ ಅಂಚು, ಲಂಗದ ಲಾಡಿ, ಉಡುದಾರ, ಚಡ್ಡಿಯ ಪಟ್ಟಿ ಇರುವ ಜಾಗಗಳಲ್ಲಿ, ಅಂದರೆ ಕಂಕುಳು, ಸ್ತನದ ಕೆಳಭಾಗ, ಸೊಂಟ, ತೊಡೆಸಂದಿಗಳಲ್ಲಿ ಕಡಿತ ಹೆಚ್ಚು. ಅಲ್ಲಿ ಎರಡು ಮೂರು ದಿನ ಕಚ್ಚಿಕೊಂಡಿದ್ದು ಚರ್ಮದ ರಸ ಹೀರಿ ಉದುರಿಹೋಗುತ್ತದೆ. ಹೀರುವಾಗ ತನ್ನ ಜೊಲ್ಲಿನ ಮೂಲಕ ಒರಿಯೆಂಶಿಯ ತ್ಸುತ್ಸುಗಾಮುಶಿ ಎಂಬ ಬ್ಯಾಕ್ಟೀರಿಯವನ್ನು ಮೈಯೊಳಗೆ ಬಿಡುತ್ತದೆ. ಹೆಸರು ಜಪಾನಿನದು. ಅಲ್ಲಿಯ ನದೀತೀರದ ರೈತರು ಈ ರೋಗವನ್ನು ಹಿಂದಿನಿಂದ ಬಲ್ಲವರು. ‘ಮುಶಿ’ ಎಂದರೆ ಅವರ ನುಡಿಯಲ್ಲಿ ಹುಳು.

ಎಲ್ಲ ನುಸಿಗಳಲ್ಲೂ ರೋಗಾಣು ಇರುವುದಿಲ್ಲ. ಇರುವ ನುಸಿಯಲ್ಲಿ ಅದು ಮೊಟ್ಟೆಯ ಮೂಲಕ ಮುಂದಿನ ಪೀಳಿಗೆಗೆ ದಾಟುತ್ತದೆ. ಒಂದೇ ಊರಿನಲ್ಲಿ ಒಂದು ಪೊದೆ ಅಪಾಯದ್ದಾಗಿ, ಮಾರು ದೂರದ ಇನ್ನೊಂದು ನಿರಪಾಯದ್ದಾಗಿರುವುದು ಹೀಗೆ. ದನಕರುಗಳಿಂದಾಗಲಿ ರೋಗಿಯಿಂದಾಗಲಿ ಇನ್ನೊಬ್ಬರಿಗೆ ಈ ಜ್ವರ ಅಂಟುವುದಿಲ್ಲ. ರೋಗಿಯನ್ನು ಬೇರೆ ಕೂರಿಸುವ ಅಗತ್ಯವಿಲ್ಲ.

ಗುರುತಿಸುವ ಬಗೆ

ಕಡಿತವಾಗಿ 6ರಿಂದ 21 ದಿನಗಳೊಳಗೆ, ಸಾಮಾನ್ಯವಾಗಿ ಹತ್ತು ಹನ್ನೆರಡನೆಯ ದಿನಕ್ಕೆ, ಚಳಿಯೊಡನೆ ಜ್ವರ ಏರುತ್ತದೆ. ತಲೆನೋವು ವಿಪರೀತ. ಮೈಕೈ ನೋವು, ಕಣ್ಣು ಕೆಂಪು, ವಾಂತಿ, ಒಣಕೆಮ್ಮು ಕಾಣಬಹುದು. ಇವೆಲ್ಲ ಡೆಂಗಿಯಲ್ಲೂ ಇಲಿಜ್ವರದಲ್ಲೂ ಇರುವಂಥವೇ. ಮೈಮೇಲೆ ಏಳುವ ಕೆಂಪು ದದ್ದು ಕಪ್ಪು ಮೈಬಣ್ಣದವರಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಬೇರೆ ಜ್ವರಗಳಿಂದ ಇದನ್ನು ಬೇರ್ಪಡಿಸುವುದು ಕಡಿತದ ಜಾಗದ ಹುಣ್ಣು. ಮೊದಲು ಚಿಕ್ಕ ಗುಳ್ಳೆ, ಬಳಿಕ ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಬೀಡಿಯ ಬೆಂಕಿ ತಾಗಿ ಸುಟ್ಟ ಕಲೆಯನ್ನು ಹೋಲುತ್ತದೆ. ಅಗಲ ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರು. ಆದರೆ ಕಂಕುಳಂಥ ಬೆವರುವ ಜಾಗದಲ್ಲಿ ಹಕ್ಕಳೆ ಒಣಗಿ ಕಪ್ಪಾಗದೆ, ಹಳದಿ ತಳದ ಒದ್ದೆ ಹುಣ್ಣಾಗಿಯೇ ಉಳಿಯಬಹುದು. ಇದನ್ನು ಬೆವರುಗುಳ್ಳೆಯೋ ರವಿಕೆ ಉಜ್ಜಿದ ಗಾಯವೋ ಎಂದು ಬಿಟ್ಟುಬಿಡುವುದುಂಟು. ಅದೇ ಪಕ್ಕದ ಕಂಕುಳ ಗಂಟು ಊದಿ, ಒತ್ತಿದರೆ ನೋಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ.

ಪರೀಕ್ಷಿಸುವಾಗ ಬೆಳಕಿನಲ್ಲಿ ಕೂರಿಸಿ, ತೋಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಕೂದಲು ಬಿಡಿಸಿ, ಚರ್ಮದ ಮಡಿಕೆ ಹಿಗ್ಗಿಸಿ ನೋಡಬೇಕು. ಎರಡೂ ಕಂಕುಳು ನೋಡಿದ ಮೇಲೆ ಸ್ತನದ ಕೆಳಗೆ, ಹೊಕ್ಕುಳು, ಸೊಂಟ, ತೊಡೆಸಂದಿ, ಕಿವಿಯ ಹಿಂದೆ ಹುಡುಕಬೇಕು. ಹಳ್ಳಿಯ ಹೆಣ್ಣುಮಕ್ಕಳು ಗಂಡು ವೈದ್ಯರ ಮುಂದೆ ರವಿಕೆ ಸಡಿಲಿಸಲು ಒಪ್ಪುವುದಿಲ್ಲ. ಎಷ್ಟೋ ವೇಳೆ ವೈದ್ಯರೂ ಕೇಳುವುದಿಲ್ಲ. ಗುರುತು ತಪ್ಪಿಹೋಗುವುದು ಇಲ್ಲಿಯೇ. ಆಶಾ ಕಾರ್ಯಕರ್ತೆಯೋ ಮನೆಯ ಅತ್ತೆ, ಅಕ್ಕತಂಗಿಯರೋ ಮೊದಲೇ ನೋಡಿಟ್ಟು, ‘ಎಡ ಕಂಕುಳಲ್ಲಿ ಹುಣ್ಣಿದೆ, ಹದಿನೈದು ದಿನದ ಹಿಂದೆ ಗದ್ದೆ ಕುಯ್ಲಿಗೆ ಹೋಗಿದ್ದಳು’ ಎಂದು ವೈದ್ಯರಿಗೆ ಹೇಳಿದರೆ ಸಾಕು.

ಹುಣ್ಣು ಎಲ್ಲರಲ್ಲೂ ಇರುವುದಿಲ್ಲ. ಭಾರತದ ಕೆಲವು ಆಸ್ಪತ್ರೆಗಳ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಂಡಿದ್ದರೆ, ಇನ್ನು ಕೆಲವೆಡೆ ಹತ್ತರಲ್ಲಿ ಒಬ್ಬರಲ್ಲೂ ಕಂಡಿಲ್ಲ. ಆದ್ದರಿಂದ ಹುಣ್ಣಿದ್ದರೆ ರೋಗ ಬಹುಪಾಲು ಖಚಿತ; ಇಲ್ಲದಿದ್ದರೆ ರೋಗವಿಲ್ಲ ಎನ್ನುವಂತಿಲ್ಲ. ಐದು ದಿನ ದಾಟಿದ ಜ್ವರಕ್ಕೆ ರಕ್ತಪರೀಕ್ಷೆ ಆಗಲೇಬೇಕು. ಈ ರೋಗಕ್ಕೆ ಹೆಚ್ಚು ನಂಬಬಹುದಾದದ್ದು ಐಜಿಎಂ ಎಲೈಸಾ ಪರೀಕ್ಷೆ. ಸಣ್ಣ ಪ್ರಯೋಗಾಲಯಗಳಲ್ಲಿ ಮಾಡುವ ವೀಲ್-ಫೆಲಿಕ್ಸ್ ಪರೀಕ್ಷೆ ಸುಲಭವಾದರೂ ಅನೇಕ ರೋಗಿಗಳನ್ನು ತಪ್ಪಿಸುತ್ತದೆ. ಹುಣ್ಣಿನ ಹಕ್ಕಳೆಯಿಂದಲೂ ಪಿಸಿಆರ್ ಪರೀಕ್ಷೆ ಮಾಡಬಹುದು.

ಹೆಸರಿನ ಗೊಂದಲವೊಂದಿದೆ. ಟೈಫಸ್ ಬೇರೆ, ಟೈಫಾಯಿಡ್ ಬೇರೆ. ಟೈಫಾಯಿಡ್ ಎಂದುಕೊಂಡು ಕೊಡುವ ಸೆಫ್ಟ್ರಿಯಾಕ್ಸೋನ್‌ನಂಥ ಚುಚ್ಚುಮದ್ದುಗಳು ಈ ರೋಗಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. ರೋಗಾಣು ರಕ್ತನಾಳಗಳ ಒಳಪದರದ ಜೀವಕೋಶಗಳ ಒಳಗೆ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಆ ಔಷಧಿಗಳು ಅಲ್ಲಿಗೆ ಮುಟ್ಟುವುದಿಲ್ಲ.

ಚಿಕಿತ್ಸೆ

ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಸಾವಿರಾರು ಸೈನಿಕರು ಈ ಜ್ವರಕ್ಕೆ ಸಿಕ್ಕಿದಾಗ ಇದಕ್ಕೆ ಔಷಧಿಯೇ ಇರಲಿಲ್ಲ. 1948ರಲ್ಲಿ ಮಲಯದಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟು ರೋಗಿಗಳನ್ನು ಗುಣಪಡಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಮೊದಲ ಔಷಧಿ ಡಾಕ್ಸಿಸೈಕ್ಲಿನ್. ಬೆಲೆ ಅಗ್ಗ. ವಯಸ್ಕರಿಗೆ ಸಾಮಾನ್ಯವಾಗಿ 100 ಮಿ.ಗ್ರಾಂ. ಮಾತ್ರೆ ದಿನಕ್ಕೆ ಎರಡು ಬಾರಿ, 7 ದಿನ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ ಕೊಡುತ್ತಾರೆ. ಮಕ್ಕಳಿಗೆ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಅನುಮಾನ ಬಲವಾಗಿದ್ದರೆ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಔಷಧಿ ಆರಂಭಿಸಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ.

ಸರಿಯಾದ ಔಷಧಿ ಬಿದ್ದರೆ ಬಹುತೇಕ ರೋಗಿಗಳಲ್ಲಿ 48 ಗಂಟೆಗಳೊಳಗೆ ಜ್ವರ ಇಳಿಯುತ್ತದೆ. ಜ್ವರ ಇಳಿಯಿತೆಂದು ಮಾತ್ರೆ ನಿಲ್ಲಿಸಬಾರದು. ಮಾತ್ರೆಯನ್ನು ಊಟದ ನಂತರ ತುಂಬಿದ ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಕೂತಿರಬೇಕು. ಇಲ್ಲವಾದರೆ ಗಂಟಲಿನ ಕೆಳಗೆ ಅಂಟಿ ಅನ್ನನಾಳ ಸುಡುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಇದರ ಜೊತೆಯಲ್ಲೇ ನುಂಗಬಾರದು. ಈ ಔಷಧಿ ಇರುವಷ್ಟು ದಿನ ಬಿಸಿಲು ಚರ್ಮಕ್ಕೆ ಬೇಗ ಸುಡುವುದರಿಂದ ಹೊಲದ ಕೆಲಸ ಬಿಡುವುದೇ ಲೇಸು.

ಎರಡನೆಯ ವಾರಕ್ಕೆ ಕಾಲಿಟ್ಟ ರೋಗ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ಮೆದುಳಿಗೆ ಏರಬಹುದು. ಉಸಿರು ಕಟ್ಟುವುದು, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಮಾತು ತಪ್ಪುವುದು ಇವುಗಳಲ್ಲಿ ಒಂದು ಕಂಡರೂ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ಮೈಸೂರಿಗೆ 108ರ ವಾಹನದಲ್ಲಿ ಸಾಗಿಸಬೇಕು. ಚಿಕಿತ್ಸೆ ದೊರೆಯದ ಕಡೆ ಸಾವು ನೂರಕ್ಕೆ 30ರವರೆಗೂ ಮುಟ್ಟಬಹುದು. ಇಂಥ ಉಲ್ಬಣಗೊಂಡ ರೋಗಿಗಳಿಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಟ್ಟರೆ ಒಂದನ್ನೇ ಕೊಡುವುದಕ್ಕಿಂತ ಹೆಚ್ಚು ಗುಣ ಎಂದು ಭಾರತದ ಆಸ್ಪತ್ರೆಗಳಲ್ಲಿ ಸುಮಾರು 800 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2023ರಲ್ಲಿ ತೋರಿಸಿತು.

ಕಂಕುಳ ಇತರ ಬಾಧೆಗಳು

ತುರಿಸುವ ಕಂಕುಳು ಸ್ಕ್ರಬ್ ಟೈಫಸ್‌ನದಲ್ಲ. ರಾತ್ರಿ ಹಾಸಿಗೆ ಸೇರಿದ ಮೇಲೆ ತುರಿಕೆ ಏರಿ, ಬೆರಳ ಸಂದಿ, ಮಣಿಕಟ್ಟು, ಕಂಕುಳ ಮುಂಮಡಿಕೆ, ಸೊಂಟಗಳಲ್ಲಿ ಸಣ್ಣ ಗುಳ್ಳೆಗಳೆದ್ದು, ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ಇದರ ಹುಳು ಚರ್ಮದೊಳಗೇ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಶೇಕಡ 5ರ ಪರ್ಮೆತ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ವಾರ ಬಿಟ್ಟು ಇನ್ನೊಮ್ಮೆ. ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಹಚ್ಚಿದ್ದು ವ್ಯರ್ಥ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಬೆಳೆಗೆ ಹೊಡೆಯುವ ಕೀಟನಾಶಕವನ್ನಾಗಲಿ ದನದ ಉಣ್ಣೆಗೆ ತಂದ ಔಷಧಿಯನ್ನಾಗಲಿ ಮೈಗೆ ಸವರುವ ರೂಢಿ ಕೆಲವರಲ್ಲಿದೆ. ಕಂಕುಳ ತೆಳು ಚರ್ಮ ಅದನ್ನು ಬೇಗ ಹೀರುತ್ತದೆ. ಮಕ್ಕಳಿಗೆ ಹಚ್ಚಿದರೆ ಪ್ರಾಣಕ್ಕೇ ಕುತ್ತು.

ಕೊಟ್ಟಿಗೆಯ, ಕಾಡಂಚಿನ ಉಣ್ಣೆಗಳೂ ಕಂಕುಳಲ್ಲಿ ಕಚ್ಚಿಕೊಳ್ಳುತ್ತವೆ. ಬೆಂಕಿಕಡ್ಡಿ, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ಚೂಪು ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆದು, ಜಾಗವನ್ನು ಸೋಪಿನಿಂದ ತೊಳೆದರೆ ಸಾಕು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆಯ ಕಾಡಂಚಿನ ಊರುಗಳವರು ಒಂದು ಸಂಗತಿ ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, 2012ರ ಕೊನೆಗೆ ಬಂಡೀಪುರದ ಕಾಡಿನಲ್ಲೂ ಕಂಡುಬಂದಿತು. ಉಣ್ಣೆ ಕಚ್ಚಿದ ಬಳಿಕ ಜ್ವರ ಬಂದರೆ, ಸುತ್ತಮುತ್ತ ಮಂಗ ಸತ್ತಿದ್ದರೆ, ಅದನ್ನು ವೈದ್ಯರಿಗೆ ಹೇಳಬೇಕು. ಅದು ವೈರಸ್ಸಿನ ರೋಗ. ಡಾಕ್ಸಿಸೈಕ್ಲಿನ್ ಅದಕ್ಕೆ ನಾಟುವುದಿಲ್ಲ.

ಜ್ವರವಿಲ್ಲದೆ, ನೋವಿಲ್ಲದೆ ಹೆಂಗಸರ ಕಂಕುಳಲ್ಲಿ ಗಟ್ಟಿ ಗಂಟು ಕಂಡು ವಾರಗಳಾದರೂ ಕರಗದಿದ್ದರೆ, ಹುಳುವಿನ ಕಡಿತವೆಂದು ಲೇಪ ಹಚ್ಚುತ್ತ ಕೂರದೆ ಸ್ತನದ ಪರೀಕ್ಷೆ ಮಾಡಿಸಬೇಕು.

ಹತೋಟಿ

ಈ ಜ್ವರಕ್ಕೆ ಲಸಿಕೆ ಇಲ್ಲ. ನುಸಿಮರಿ ಕಚ್ಚುವ ಮೊದಲು ಮೈಮೇಲೆ ಹರಿದಾಡುವ ಹೊತ್ತೇ ರೈತನಿಗೆ ಸಿಕ್ಕುವ ಅವಕಾಶ. ಗದ್ದೆಯಿಂದ ಬಂದ ಕೂಡಲೇ ಬಟ್ಟೆ ಬಿಚ್ಚಿ ನೆನೆಹಾಕಿ, ಕಂಕುಳು, ಸೊಂಟ, ತೊಡೆಸಂದಿಗಳನ್ನು ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಬೇಕು. ಬೆವರಿದ ಅಂಗಿಯಲ್ಲೇ ಜಗುಲಿಯ ಮೇಲೆ ಮಲಗಿಬಿಡುವ ಅಭ್ಯಾಸ ಬಿಡಬೇಕು. ಬಟ್ಟೆಯನ್ನು ಪೊದೆಯ ಮೇಲೆ ಒಣಹಾಕದೆ ತಂತಿಗೆ ಹಾಕಬೇಕು. ಊಟಕ್ಕೆ ಕೂರುವಾಗ ಹುಲ್ಲಿನ ಬದು ಬಿಟ್ಟು ಬರಿನೆಲ ನೋಡಿ ಗೋಣಿಯೋ ತಾಟೋ ಹಾಸಿಕೊಳ್ಳಬೇಕು. ಬಹಿರ್ದೆಸೆಗೆ ಪೊದೆಯ ಮರೆಗೆ ಹೋಗುವುದೂ ಕಡಿತಕ್ಕೆ ದಾರಿ.

ಮನೆಯ ಸುತ್ತ, ಹುಲ್ಲಿನ ಮೆದೆಯ ಸುತ್ತ, ಕಣದ ಸುತ್ತ ಕುರುಚಲು ಸವರಿ ಬಿಸಿಲು ಬೀಳುವಂತೆ ಮಾಡಬೇಕು. ಬರೀ ಇಲಿ ಕೊಂದರೆ ಸಾಲದು, ರೋಗಾಣು ನುಸಿಯಲ್ಲೇ ಉಳಿಯುತ್ತದೆ. ಆದರೂ ಇಲಿ ಕಡಿಮೆಯಾದಷ್ಟೂ ನುಸಿಮರಿಗೆ ಆಹಾರ ಕಡಿಮೆ, ಭತ್ತದ ನಷ್ಟವೂ ಕಡಿಮೆ. ಮೊದಲು ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ, ಮರುದಿನ ತೆರೆದುಕೊಂಡ ಬಿಲಗಳನ್ನು ಗುರುತಿಸಬೇಕು. ಅವುಗಳಲ್ಲಿ ಎರಡು ಮೂರು ದಿನ ಎಣ್ಣೆ ಸವರಿದ ಬರೀ ಕಾಳು ಇಟ್ಟು ರುಚಿ ಹತ್ತಿಸಬೇಕು. ಬಳಿಕ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಸತುವಿನ ರಂಜಕ (ಜಿಂಕ್ ಫಾಸ್ಫೈಡ್) ಬೆರೆಸಿದ ಪಾಷಾಣವನ್ನು ಸಂಜೆ ಬಿಲದೊಳಗೆ ಇಟ್ಟು ಬಾಯಿ ಮುಚ್ಚಬೇಕು. ಬೆರೆಸುವುದು ಕಡ್ಡಿಯಿಂದ, ಕೈಗೆ ಚೀಲ ಹಾಕಿಕೊಂಡು. ಅಕ್ಕಪಕ್ಕದ ಗದ್ದೆಯವರೆಲ್ಲ ಒಂದೇ ವಾರದಲ್ಲಿ ಇಡದಿದ್ದರೆ ಪಕ್ಕದ ಬದುವಿನ ಇಲಿ ಮತ್ತೆ ಇತ್ತ ಬರುತ್ತದೆ. ಸತ್ತ ಇಲಿಗಳನ್ನು ಬರಿಗೈಯಿಂದ ಮುಟ್ಟದೆ ಸಲಿಕೆಯಿಂದೆತ್ತಿ ಆಳವಾಗಿ ಹೂಳಬೇಕು.