ಸೊನ್ನೆ ಬರೆಯುವ ಮುನ್ನ

ತಮ್ಮಾ, ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ನಮ್ಮ ಹಟ್ಟಿಯ ಗಣಿಯಲ್ಲಿ ಇಂದಿಗೂ ಪಾಳಿ ನಿಂತಿಲ್ಲ. ಮಲ್ಲಪ್ಪ ಶಾಫ್ಟಿನಿಂದ ಇಳಿಯುವವರನ್ನು ನೋಡುತ್ತಲೇ ಬೆಳೆದ ನೀನು, ಪಾಳಿಯ ಎಣಿಕೆಯನ್ನೇ ಪೈಥಾನ್‌ನಲ್ಲಿ ಅಭ್ಯಾಸಕ್ಕೆ ತೆಗೆದುಕೊಂಡದ್ದು ನನಗೆ ಖುಷಿಯಾಯಿತು. ಗಣಿಯ ಒಂದೊಂದು ಲೆವೆಲ್ಲಿಗೆ ಅರೇಯಲ್ಲಿ (ಪೈಥಾನ್‌ನಲ್ಲಿ ಅದು ಲಿಸ್ಟ್) ಒಂದೊಂದು ಮನೆ. ಒಬ್ಬ ಇಳಿದರೆ ಆ ಮನೆಗೆ ಒಂದು ಕೂಡಿಸಬೇಕು, ಪಾಳಿ ಬದಲಾದಾಗ ಎಲ್ಲವನ್ನೂ ಸೊನ್ನೆ ಮಾಡಬೇಕು. ಎಡವಟ್ಟಾಗುವುದು ಈ ಸೊನ್ನೆ ಮಾಡುವಲ್ಲೇ.

ನೀನು ಎಣಿಕೆ = [0]*10 ಎಂದು ಬರೆದು ಅರೇ ಖಾಲಿಯಾಯಿತು ಅಂದುಕೊಳ್ಳುತ್ತೀ. ಖಾಲಿಯಾಗಿಲ್ಲ. ಹೊಸದೊಂದು ಲಿಸ್ಟ್ ಹುಟ್ಟಿತು, ಹೆಸರು ಅದಕ್ಕೆ ಅಂಟಿಕೊಂಡಿತು, ಅಷ್ಟೇ. ಪರದೆಗೆ ತೋರಿಸುವ ಭಾಗ ಹಳೆಯ ಲಿಸ್ಟನ್ನೇ ಹಿಡಿದು ಕೂತಿದ್ದರೆ, ರಾತ್ರಿ ಪಾಳಿಯವರು ಮನೆಗೆ ಹೋಗಿ ಮಲಗಿದ ಮೇಲೂ ಅಲ್ಲಿ ಗಣಿಯೊಳಗೇ ಇರುತ್ತಾರೆ. ಅದೇ ಲಿಸ್ಟನ್ನು ಒಳಗಿನಿಂದ ಬದಲಿಸಬೇಕೆಂದರೆ ಎಣಿಕೆ[:] = [0]*10 ಎಂದು ಬರೆ. 2012ರಲ್ಲಿ ಬಂದ 3.3 ಆವೃತ್ತಿಯಿಂದ ಕ್ಲಿಯರ್ ಎಂಬ ವಿಧಾನವೂ ಇದೆ. ಆದರೆ ಅದು ಮನೆಗಳನ್ನೇ ಕೆಡವುತ್ತದೆ, ಉದ್ದವೇ ಸೊನ್ನೆಯಾಗುತ್ತದೆ. ಆಮೇಲೆ ಮೂರನೇ ಮನೆಗೆ ಒಂದು ಕೂಡಿಸಹೋದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಇದರ ತಿರುಗುಮುರುಗೂ ಇದೆ, ಅದು ಇನ್ನೂ ಕೆಟ್ಟದ್ದು. ಪಾಳಿ ಮುಗಿದಾಗ ಎಣಿಕೆಯನ್ನು ಹಳೆಯ ಲೆಕ್ಕದ ಪಟ್ಟಿಗೆ ಸೇರಿಸಿ, ಆಮೇಲೆ ಒಳಗಿನಿಂದ ಸೊನ್ನೆ ಮಾಡಿದೆ ಎನ್ನು. ಪಟ್ಟಿಯಲ್ಲಿ ಇದ್ದದ್ದೂ ಅದೇ ಲಿಸ್ಟ್ ಆದ್ದರಿಂದ ನಿನ್ನೆ ಮೊನ್ನೆಯ ಲೆಕ್ಕವೆಲ್ಲ ಸೊನ್ನೆಯಾಗುತ್ತದೆ. ದೋಷದ ಸಂದೇಶ ಒಂದೂ ಬರುವುದಿಲ್ಲ. ಇಲ್ಲಿ ನಕಲು ಮಾಡಿಟ್ಟೇ ಅಳಿಸಬೇಕು. ಹಾಗಾಗಿ ಅಳಿಸುವ ಮೊದಲು, ಈ ಅರೇಯನ್ನು ಇನ್ನು ಯಾರು ಯಾರು ನೋಡುತ್ತಿದ್ದಾರೆ ಎಂದು ವಿಚಾರಿಸಿಕೋ. ಯಾವ ಸಾಲು ಬರೆಯಬೇಕೆಂಬುದು ಆ ಉತ್ತರದ ಮೇಲೆ ನಿಂತಿದೆ.

ಮುಂದೆ ಸಿ ಭಾಷೆ ಕಲಿಯುವಾಗ ಅರೇಯನ್ನು ಸೊನ್ನೆ ಮಾಡಲು ಮೆಮ್‌ಸೆಟ್ ಸಿಗುತ್ತದೆ. ಅದು ಬೈಟುಗಳನ್ನು ತುಂಬುತ್ತದೆ, ಸಂಖ್ಯೆಗಳನ್ನಲ್ಲ. ಸೊನ್ನೆ ತುಂಬಿದರೆ ಸೊನ್ನೆಯೇ ಸಿಗುತ್ತದೆ. ನಾಲ್ಕು ಬೈಟಿನ ಪೂರ್ಣಾಂಕಗಳಿಗೆ 1 ತುಂಬಲು ಹೋದರೆ ಪ್ರತಿ ಮನೆಯಲ್ಲೂ 16843009 ಕೂತಿರುತ್ತದೆ.

ಸೊನ್ನೆಗೂ ಒಂದು ಅರ್ಥವಿದೆಯಪ್ಪಾ, ಅದನ್ನು ಹಗುರಾಗಿ ನೋಡಬೇಡ. ಲೆವೆಲ್ಲಿನ ಮುಂದೆ ಸೊನ್ನೆ ಇದ್ದರೆ ಅಲ್ಲಿ ಯಾರೂ ಇಲ್ಲ ಎಂದಾಗುತ್ತದೆ. ಪಾಳಿ ಶುರುವಾಗಿ ಎಣಿಕೆ ಇನ್ನೂ ಬಂದಿಲ್ಲ ಎನ್ನುವುದು ಬೇರೆಯೇ ಮಾತು. ಗಣಿಯಲ್ಲಿ ಈ ಎರಡನ್ನು ಒಂದೆಂದು ತಿಳಿದರೆ ಒಳಗೆ ಜನರಿರುವಾಗಲೇ ಯಾರೂ ಇಲ್ಲವೆಂದು ಪರದೆ ಹೇಳುತ್ತದೆ. ಎಣಿಕೆ ಬರುವ ತನಕ ಆ ಮನೆಯಲ್ಲಿ ನನ್ (None) ಇಡು, ಬಂದ ಮೇಲೆ ಸಂಖ್ಯೆ ಇಡು. ನಾಲ್ಕು ಸಾಲು ಹೆಚ್ಚಾದರೆ ಆಗಲಿ.

ಇನ್ನೊಂದು ಮಾತು. ಮೊದಲ ಪಾಳಿಯಲ್ಲಿ ಅಳಿಸುವಾಗಿನ ಈ ತಪ್ಪುಗಳು ಕಾಣುವುದಿಲ್ಲ, ಏಕೆಂದರೆ ಅಳಿಸಲು ಹಳೆಯದೇ ಇರುವುದಿಲ್ಲ. ಒಮ್ಮೆ ಓಡಿಸಿ ಸರಿಯಿದೆ ಎಂದು ಎದ್ದುಬಿಡಬೇಡ. ಮೂರು ಪಾಳಿಯನ್ನೂ ಒಂದರ ಹಿಂದೆ ಒಂದು ಓಡಿಸಿ, ಮೂರನೆಯದು ಮುಗಿದ ಮೇಲೆ ಮೊದಲನೆಯದರ ಲೆಕ್ಕ ತೆರೆದು ನೋಡು. ಅಂಕಿ ಇದ್ದ ಹಾಗೇ ಇದ್ದರೆ ಮಾತ್ರ ನನಗೆ ತಂದು ತೋರಿಸು.