ನರಾಗ್ರಗಳಲ್ಲಿ ಅಡಗಿರುವ ಸತು

ಸೋಗಾನೆಯಿಂದ ಭದ್ರಾವತಿಯವರೆಗೆ ಅನೇಕ ಮನೆಗಳಿಗೆ ತಗಡಿನ ಹೊದಿಕೆಯುಂಟು. ಆ ಕಬ್ಬಿಣದ ತಗಡು ಬೇಗನೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೇಲಿನ ಸತುವಿನ ಲೇಪ. ಇದೇ ಸತು ನಮ್ಮ ಮಿದುಳಿನಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿ ಇದೆ. ನೆನಪಿನ ಕಾರ್ಯಕ್ಕೆ ಅಗತ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ಕೆಲವು ನರತಂತುಗಳ ತುದಿಗಳಲ್ಲಿರುವ ಅತಿ ಸೂಕ್ಷ್ಮ ಚೀಲಗಳೊಳಗೆ ಅದು ಸಂಗ್ರಹವಾಗಿರುತ್ತದೆ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಕ್ಷಾರಯುಕ್ತವಾದ ಸತುವಿನ ಲವಣದ ದ್ರಾವಣದಲ್ಲಿ ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಹಾಯಿಸಿದರೆ ಬಿಳಿಯ ಪ್ರಕ್ಷೇಪ ಉಂಟಾಗುವುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಅದು ಸತುವಿನ ಸಲ್ಫೈಡು. 1958ರಲ್ಲಿ ಜರ್ಮನಿಯ ಟಿಮ್ ಎಂಬ ವಿಜ್ಞಾನಿ ಪ್ರಕಟಿಸಿದ ವಿಧಾನದ ಮೊದಲ ಹೆಜ್ಜೆಯೂ ಇಂಥದೇ. ಮಿದುಳಿನ ಅಂಗಾಂಶವನ್ನು ಸಲ್ಫೈಡಿನಿಂದ ಸಂಸ್ಕರಿಸಿದಾಗ ಸತುವು ಕರಗದ ಸಲ್ಫೈಡಾಗಿ ತಾನಿದ್ದೆಡೆಯಲ್ಲಿಯೇ ನೆಲೆಗೊಳ್ಳುತ್ತದೆ. ಆದರೆ ಆ ಕಣಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ನಿಲುಕದಷ್ಟು ಕಿರಿದು.

ಇಲ್ಲಿ ಛಾಯಾಗ್ರಹಣದ ತತ್ತ್ವವು ನೆರವಿಗೆ ಬರುತ್ತದೆ. ಫಿಲ್ಮಿನ ಮೇಲೆ ಬೆಳಕು ಬಿದ್ದೆಡೆಯಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಗುಂಪುಗೂಡಿರುತ್ತವೆ. ಡೆವಲಪರ್ ದ್ರಾವಣವು ಆ ಬೀಜದ ಸುತ್ತ ಬೆಳ್ಳಿಯನ್ನು ಬೆಳೆಸುತ್ತದೆ. ಹಾಗೆಯೇ ಮಿದುಳಿನ ತೆಳು ಪದರಗಳನ್ನು ಬೆಳ್ಳಿಯ ಲವಣ, ಹೈಡ್ರೊಕ್ವಿನೋನ್ ಮತ್ತು ಗೋಂದು ಬೆರೆತ ದ್ರಾವಣದಲ್ಲಿ ಕತ್ತಲೆಯಲ್ಲಿಡುತ್ತಾರೆ. ಸಲ್ಫೈಡಿನ ಕಣವೇ ಇಲ್ಲಿ ಬೀಜ. ಅದರ ಸುತ್ತ ಬೆಳ್ಳಿಯು ಶೇಖರವಾಗಿ ನರಾಗ್ರವು ಕಪ್ಪಾಗಿ ತೋರುತ್ತದೆ. ಗೋಂದು ಈ ಬೆಳವಣಿಗೆಯನ್ನು ನಿಧಾನಗೊಳಿಸಿ ಹದದಲ್ಲಿಡುತ್ತದೆ.

ಇದರ ಪ್ರಯೋಜನವೇನು? ಅಪಸ್ಮಾರ ರೋಗಿಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಹಿಪ್ಪೊಕ್ಯಾಂಪಸನ್ನು 1989ರಲ್ಲಿ ಅಮೆರಿಕದ ಸಂಶೋಧಕರು ಹೀಗೆ ಪರೀಕ್ಷಿಸಿದಾಗ, ಸಹಜವಾಗಿ ಇರಬಾರದ ಪದರದಲ್ಲಿಯೂ ಕಪ್ಪು ಕಾಣಿಸಿತು. ನರತಂತುಗಳು ಹೊಸದಾಗಿ ಕವಲೊಡೆದು ಅಲ್ಲಿಗೆ ಹಬ್ಬಿದ್ದುವು.

ಆದರೆ ಒಂದು ಸಂದೇಹವುಂಟು. ನಾವು ನೋಡುತ್ತಿರುವುದು ಬೆಳ್ಳಿಯನ್ನೇ ಹೊರತು ಸತುವನ್ನಲ್ಲ. ತಾಮ್ರ, ಪಾದರಸ ಮೊದಲಾದವುಗಳ ಸಲ್ಫೈಡುಗಳೂ ಇಂತಹ ಬೀಜಗಳಾಗಬಲ್ಲುವು. ನರಾಗ್ರದ ಕಪ್ಪು ಸತುವಿನಿಂದಲೇ ಬಂದುದೆಂದು ಹೇಗೆ ನಂಬೋಣ? 1996ರಲ್ಲಿ ಜಡ್‌ಎನ್‌ಟಿ-3 ಎಂಬ ಪ್ರೋಟೀನು ಪತ್ತೆಯಾಯಿತು. ಚೀಲಗಳೊಳಗೆ ಸತುವನ್ನು ತುಂಬುವುದು ಅದರ ಕೆಲಸ. ಅದರ ಜೀನನ್ನು ಕೆಡಿಸಿ ಬೆಳೆಸಿದ ಇಲಿಗಳ ನರಾಗ್ರಗಳಲ್ಲಿ ಟಿಮ್ ವಿಧಾನದ ಕಪ್ಪು ಮೂಡಲಿಲ್ಲವೆಂದು 1999ರಲ್ಲಿ ತಿಳಿದುಬಂದಿತು. ಸಂದೇಹವು ಹೀಗೆ ಬಗೆಹರಿಯಿತು.

ಬಣ್ಣವನ್ನು ಕಂಡೊಡನೆ ವಸ್ತುವನ್ನೇ ಕಂಡೆವೆಂದು ನಾವು ನಿರ್ಣಯಿಸಬಾರದು. ಆ ವಸ್ತುವನ್ನು ತೆಗೆದಾಗ ಬಣ್ಣವೂ ಹೋಗುವುದೇ ಎಂದು ನೋಡಬೇಕು. ಪ್ರಯೋಗಶಾಲೆಯಲ್ಲಿ ಲವಣಗಳನ್ನು ಪರೀಕ್ಷಿಸುವಾಗಲೂ ವಿದ್ಯಾರ್ಥಿಗಳು ಈ ನಿಯಮವನ್ನು ನೆನಪಿನಲ್ಲಿಡುವುದು ಒಳ್ಳೆಯದು.