ಕೊತ್ತಂಬರಿ ನೀರು: ಒಲೆ ಹಚ್ಚುವ ಮುನ್ನ

ಬಿಸಿಲು ಏರಿತೆಂದರೆ ಸಾಕು, ‘ಕೊತ್ತಂಬರಿ ನೀರು ಕುಡಿಯಿರಿ, ತಂಪು’ ಎನ್ನುವವರೇ ಎಲ್ಲ. ಅವರ ಅಡುಗೆಮನೆ ಇಣುಕಿದರೆ ಒಲೆಯ ಮೇಲೆ ಬೀಜ ಕೊತಕೊತ ಕುದಿಯುತ್ತಿರುತ್ತದೆ. ಅದು ಕಷಾಯ. ಒಳಗಿನ ಉರಿಗೆ, ಬಾಯಾರಿಕೆಗೆ ಆಯುರ್ವೇದದ ಶಾರ್ಙ್ಗಧರ ಸಂಹಿತೆ ಹೇಳುವುದು ‘ಹಿಮ’ವನ್ನು. ಅಂದರೆ ಬೀಜವನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ ಶೋಧಿಸಿದ ನೀರು. ಒಂದು ಪಾಲು ಬೀಜಕ್ಕೆ ಆರು ಪಾಲು ನೀರು ಎಂಬುದು ಅಲ್ಲಿಯ ಅಳತೆ.

ಮೊದಲು ಬೀಜ ನೋಡಿ. ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರೆ ಘಮ್ಮೆನ್ನಬೇಕು. ಹುಳು ತೂತು ಮಾಡಿದ್ದು, ಬೂಷ್ಟು ಹಿಡಿದದ್ದು ಬೇಡ. ಬಿತ್ತನೆಗೆಂದು ಮಾರುವ ಪೊಟ್ಟಣವಂತೂ ಬೇಡವೇ ಬೇಡ. ಅದಕ್ಕೆ ಔಷಧಿ ಸವರಿರಬಹುದು.

10 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ ಬೀಜ ತೊಳೆದು ಕುಟ್ಟಾಣಿಗೆ ಹಾಕಿ. ಕೊತ್ತಂಬರಿ ಕಾಳೆಂದರೆ ಮುಖಕ್ಕೆ ಮುಖ ಕೊಟ್ಟು ಅಂಟಿಕೊಂಡ ಎರಡು ಹೋಳು. ನಾಲ್ಕು ಏಟು ಬಿದ್ದರೆ ಬಿಚ್ಚಿಕೊಳ್ಳುತ್ತದೆ, ಅಲ್ಲಿಗೆ ನಿಲ್ಲಿಸಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಬೆಳಿಗ್ಗೆ ಶೋಧಿಸುವ ಬಟ್ಟೆ ಕಟ್ಟಿಕೊಂಡು ಲೋಟಕ್ಕೆ ಕೆಸರೇ ಇಳಿಯುತ್ತದೆ.

ಕುಟ್ಟಿದ್ದಕ್ಕೆ 60 ಮಿ.ಲೀ. ಕಾಯಿಸಿ ಆರಿಸಿದ ನೀರು ಹಾಕಿ, ಮಣ್ಣಿನ ಕುಡಿಕೆಯಲ್ಲೋ ಗಾಜಿನ ಪಾತ್ರೆಯಲ್ಲೋ ಮುಚ್ಚಿಡಿ. ಬೆಳಿಗ್ಗೆ ಕೈ ತೊಳೆದು ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಹಿಂಡಿ, ಒಂದು ಚಮಚ ಕಲ್ಲುಸಕ್ಕರೆ ಪುಡಿ ಕದಡಿ ಆಗಲೇ ಕುಡಿಯಿರಿ. ಸಂಜೆಗೆಂದು ಎತ್ತಿಡಬೇಡಿ.

ಹಾಗೆಂದು ಕಷಾಯ ತಪ್ಪಲ್ಲ. ಮಲೆನಾಡಿನ ಮಳೆಗೆ ಜೀರಿಗೆ, ಮೆಣಸಿನ ಜೊತೆ ಕುದಿಸಿ ಬೆಲ್ಲ, ಹಾಲು ಬೆರೆಸಿದ ಬಿಸಿ ಲೋಟ ಬೇರೆಯದೇ ಸುಖ. ಚರಕ ಸಂಹಿತೆಯಲ್ಲೂ ಧಾನ್ಯಕ, ಅಂದರೆ ಕೊತ್ತಂಬರಿ, ಬಾಯಾರಿಕೆ ತಣಿಸುವ ಗುಂಪಿನಲ್ಲಿದೆ, ಚಳಿ ಕಳೆಯುವ ಗುಂಪಿನಲ್ಲೂ ಇದೆ. ಒಂದೇ ಬೀಜಕ್ಕೆ ಎರಡು ಕೆಲಸ ಹೇಗೆ ಎಂಬ ಗೊಂದಲ ನನಗೆ ಬಿಡಿಸಿದ್ದು ಒಲೆಯೇ!

ಸಕ್ಕರೆ ಕಾಯಿಲೆಯವರು ಕಲ್ಲುಸಕ್ಕರೆ ಬಿಡಿ. ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರುಮಾಡಿ. ಉರಿಮೂತ್ರಕ್ಕೆಂದು ಇದನ್ನು ಕುಡಿಯುವಾಗ ಜೊತೆಗೆ ಜ್ವರ ಬಂದರೆ, ರಕ್ತ ಕಂಡರೆ ಕುಡಿಕೆ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. ಹಿಂಡಿ ಉಳಿದ ಚರಟ ಕರಿಬೇವಿನ ಬುಡಕ್ಕೆ.